ಎಡಚನ ಹಲಗೆ

ಒಳ್ಳೆಯವರ ಕೈಯಲ್ಲಿ ಆದ ಅನಾಹುತಕ್ಕೆ ಬಯ್ಯಲು ಯಾರೂ ಸಿಗುವುದಿಲ್ಲ. ಕೆಟ್ಟವನು ಮಾಡಿದ್ದರೆ ಬಾಯ್ತುಂಬ ಬಯ್ದು, ಹಿಡಿ ಮಣ್ಣು ತೂರಿ, ಒಂದು ಲೋಟ ನೀರು ಕುಡಿದು ಮಲಗಬಹುದು. ಸೀಟಕ್ಕನ ಹಣೆಯಲ್ಲಿ ಅಷ್ಟು ಸುಖವೂ ಬರೆದಿರಲಿಲ್ಲ.

ಸೀಟಕ್ಕ ಎಂದರೆ ಸೀಟು ಹೊಲಿಯುವ ಅಕ್ಕ. ವ್ಯಾನು, ಬೈಕು, ಬಾಡಿಗೆ ಕಾರು, ಯಾವುದರ ಸೀಟು ಹರಿದರೂ ಅವಳ ಅಂಗಡಿಗೇ ಬರಬೇಕು. ರೆಕ್ಸಿನ್ ಎಲ್ಲಿ ಸವೆದಿದೆ ಎಂದು ನೋಡಿಯೇ, ಓಡಿಸುವವನು ಯಾವ ಪಕ್ಕಕ್ಕೆ ವಾಲಿ ಕೂರುತ್ತಾನೆ, ಹಿಂದಿನ ಜೇಬಿನಲ್ಲಿ ಬೀಗದ ಕೈ ಗೊಂಚಲು ಇಟ್ಟುಕೊಳ್ಳುತ್ತಾನೋ ಇಲ್ಲವೋ ಎಂದೆಲ್ಲ ಹೇಳಿಬಿಡುತ್ತಿದ್ದಳು. ಮನುಷ್ಯ ಎದ್ದು ಹೋದರೂ ಕೂತ ಗುರುತು ಎದ್ದು ಹೋಗುವುದಿಲ್ಲ ಎನ್ನುವುದು ಅವಳ ಕಸುಬು ಕಲಿಸಿದ ಪಾಠ.

ಅವಳ ಬೀದಿಯ ಕೊನೆಯಲ್ಲಿ ಹಿಂದೆ ಬಸ್ಸು ತೊಳೆಯುತ್ತಿದ್ದ ಉದ್ದನೆಯ ಶೆಡ್ಡೊಂದಿತ್ತು. ಬಸ್ಸುಗಳು ಬೇರೆ ಕಡೆ ಹೋದ ಮೇಲೆ ದೊಡ್ಡ ರಸ್ತೆಯ ಆಚೆ ಬದಿಯವರೆಲ್ಲ ಸೇರಿ ಅದನ್ನು ಕೈಕೆಲಸದ ಜಾಗ ಮಾಡಿಕೊಂಡರು. ಮಿಕ್ಸಿ ಕೆಟ್ಟವರು, ಮಂಚದ ಕಾಲು ಮುರಿದವರು, ಸುಮ್ಮನೆ ಮನೆಯಲ್ಲಿ ಕೂತು ಬೇಸರ ಬಂದವರು, ಎಲ್ಲರೂ ರಜೆಯ ದಿನ ಅಲ್ಲಿಗೆ ಬರುತ್ತಿದ್ದರು. ಗೋಡೆಯ ಮೇಲೆ ಪ್ರತಿಯೊಂದು ಸುತ್ತಿಗೆ, ಇಕ್ಕಳ, ಗರಗಸದ ಆಕಾರವನ್ನು ಬಣ್ಣದಲ್ಲಿ ಬರೆದಿತ್ತು. ಯಾವುದನ್ನು ಯಾರೋ ಮನೆಗೆ ಒಯ್ದು ವಾಪಸ್ ತಂದಿಲ್ಲ ಎಂದು ಗೋಡೆಯೇ ಚಾಡಿ ಹೇಳುತ್ತಿತ್ತು.

ಶೆಡ್ಡಿಗೊಂದು ಕಟ್ಟುಪಾಡಿತ್ತು. ಬೆಂಚಿನ ಮೇಲೆ ಅರ್ಧಕ್ಕೆ ನಿಂತ ಕೆಲಸ ಕಂಡರೆ, ಕೈ ಖಾಲಿ ಇದ್ದವರು ಅದನ್ನು ಮುಂದುವರಿಸಬೇಕು. ಯಾರದೆಂದು ಕೇಳುವ ಹಾಗಿಲ್ಲ, ನಾನು ಮಾಡಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ನೀವು ಬಿಟ್ಟುಹೋದ ಮುರುಕು ಕುರ್ಚಿ ಮುಂದಿನ ವಾರ ಬರುವಷ್ಟರಲ್ಲಿ ನಾಲ್ಕು ಕಾಲ ಮೇಲೆ ನಿಂತಿರುತ್ತಿತ್ತು. ಬೇರೆಯವರು ಮುಟ್ಟಬಾರದ ಕೆಲಸವಾದರೆ ಅದಕ್ಕೊಂದು ಕೆಂಪು ಪಟ್ಟಿ ಕಟ್ಟಬೇಕು, ಅಷ್ಟೇ. ಆ ಪಟ್ಟಿಗಳನ್ನು ತನ್ನ ಅಂಗಡಿಯ ರೆಕ್ಸಿನ್ ಚೂರಿನಿಂದ ಕತ್ತರಿಸಿ ತಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದವಳು ಸೀಟಕ್ಕನೇ.

ಒಂದು ದಿನ ಆ ಶೆಡ್ಡಿಗೆ ತಳ್ಳುಗಾಡಿಯಲ್ಲಿ ಒಂದು ಗೇಮ್ ಪೆಟ್ಟಿಗೆ ಬಂತು. ಆಳೆತ್ತರದ ಮರದ ಪೆಟ್ಟಿಗೆ, ಎದುರಿಗೆ ಗಾಜು, ಅದರ ಕೆಳಗೆ ಇಳಿಜಾರಾದ ಹಲಗೆ, ಹಲಗೆಯ ಮೇಲೆ ಅತ್ತಿತ್ತ ಆಡಿಸುವ ಒಂದು ಕೋಲು, ಮೂರು ಗುಂಡಿ. ನಾಣ್ಯ ಹಾಕಿದರೆ ಗಾಜಿನೊಳಗೆ ವಿಮಾನಗಳು ಇಳಿದು ಬರುತ್ತವೆ, ಅವನ್ನು ಹೊಡೆಯಬೇಕು. ಬಸ್ ನಿಲ್ದಾಣದ ಚಹಾ ಅಂಗಡಿ ಮುಚ್ಚಿದಾಗ ಅದರ ಮಾಲೀಕ, ಗುಜರಿಯವನಿಗೆ ಕೊಡಲು ಮನಸ್ಸು ಬಾರದೆ ಇಲ್ಲಿಗೆ ಕಳಿಸಿದ್ದ.

"ಪಿಕ್ಚರ್ ಟ್ಯೂಬು ಸತ್ತಿಲ್ಲ, ಮೂರ್ಛೆ ಹೋಗಿದೆ" ಎಂದರು ರೇಡಿಯೋ ತಾತ, ಹಿಂದಿನ ಬಾಗಿಲು ತೆಗೆದು ಮೂಗು ತೂರಿಸಿ. ಜೀವಮಾನವಿಡೀ ರೇಡಿಯೋ ರಿಪೇರಿ ಮಾಡಿದ ಮನುಷ್ಯ. ರೇಡಿಯೋಗಳು ಊರಿಂದಲೇ ಮಾಯವಾದ ಮೇಲೆ ಬೆಸುಗೆ ಹಾಕಲು ಏನು ಸಿಕ್ಕರೂ ಅವರಿಗೆ ಹಬ್ಬ.

ಸೀಟಕ್ಕ ಹತ್ತಿರ ಬಂದು ಹಲಗೆಯ ಮೇಲಿನ ದೂಳು ಒರೆಸಿದಳು. ಒರೆಸಿದ ಕೈ ಅಲ್ಲೇ ನಿಂತಿತು.

ಕೋಲಿಗೂ ಗುಂಡಿಗಳಿಗೂ ನಡುವೆ, ಸಾಮಾನ್ಯವಾಗಿ ಯಾರ ಕೈಯೂ ತಾಗದ ಜಾಗದಲ್ಲಿ, ಕೆಂಪು ಬಣ್ಣ ಪೂರ್ತಿ ಸವೆದುಹೋಗಿತ್ತು. ಬಣ್ಣದ ಕೆಳಗಿನ ಬಿಳಿ, ಬಿಳಿಯ ಕೆಳಗಿನ ಮರ, ಮರವೂ ಬೆವರು ಕುಡಿದು ಕುಡಿದು ನುಣುಪಾಗಿ ಒಂದಿಷ್ಟು ತಗ್ಗಾಗಿತ್ತು. ತಗ್ಗಿನ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳು. ಅವು ಸ್ಟೀಲ್ ವಾಚಿನ ಕೊಂಡಿಯ ಗೀರುಗಳು. ಆ ವಾಚು ತಂದುಕೊಟ್ಟವಳು ಅವಳೇ.

ಅವಳ ತಮ್ಮ ಎಡಚ. ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದೂ ಹಾಗೇ. ಈ ಪೆಟ್ಟಿಗೆಯಲ್ಲಿ ಕೋಲು ಬಲಕ್ಕೆ, ಗುಂಡಿಗಳು ಎಡಕ್ಕೆ. ಅವನಿಗೋ ಕೋಲು ಎಡಗೈಯಲ್ಲೇ ಬೇಕು. ಅದಕ್ಕೇ ಬಲಗೈಯನ್ನು ಹಲಗೆಗೆ ಒರಗಿಸಿ, ಅದರ ಮೇಲಿಂದ ಎಡಗೈ ದಾಟಿಸಿ, ಎರಡೂ ಕೈ ಅಡ್ಡಡ್ಡ ಹಾಕಿಕೊಂಡು ಆಡುತ್ತಿದ್ದ. ಚಹಾ ಅಂಗಡಿಗೆ ಹೋಗಿ ಅವನ ಕಿವಿ ಹಿಡಿದು ಎಳೆದು ತರುವುದು ಸೀಟಕ್ಕನ ಸಂಜೆಯ ಕೆಲಸವಾಗಿತ್ತು.

"ನೆಟ್ಟಗೆ ನಿಂತು ಆಡೋಕೇನೋ ರೋಗ ನಿಂಗೆ? ಹಗ್ಗ ಹೊಸೆದ ಹಾಗೆ ಕೈ ಹೊಸ್ಕೊಂಡು ನಿಂತಿದೀಯ."

"ತಡಿಯಕ್ಕಾ, ಇನ್ನೊಂದು ಜೀವ ಇದೆ."

ತಾಯಿ ತೀರಿಕೊಂಡಾಗ ಅವನಿನ್ನೂ ಕಂಕುಳ ಕೂಸು. ಅವಳಿಗೆ ತಮ್ಮನೂ ಅವನೇ, ಮಗನೂ ಅವನೇ. ತನ್ನ ಮದುವೆಯ ಮಾತು ಬಂದಾಗೆಲ್ಲ "ಇವನೊಂದು ದಡ ಸೇರಲಿ" ಎಂದು ತಳ್ಳಿಹಾಕಿದಳು. ಮೀಸೆ ಇನ್ನೂ ನೆಟ್ಟಗೆ ಬಲಿತಿರಲಿಲ್ಲ, ಜ್ವರ ಎಂದು ಮಲಗಿದವನು ಏಳಲಿಲ್ಲ. ಮೂರು ವರ್ಷದ ಹಿಂದಿನ ಮಾತು.

ಅವನು ಹೋದ ವಾರವೇ ಚಿಕ್ಕಮ್ಮ ಬಂದು, ಕಣ್ಣಿಗೆ ಬಿದ್ದಷ್ಟೂ ಸಂಕಟ ಎಂದು ಅವನ ಬಟ್ಟೆಬರೆಯನ್ನೆಲ್ಲ ಸೋಪು ಹಾಕಿ ಒಗೆದು, ಮಡಿಸಿ, ಯಾರಿಗೋ ಕೊಟ್ಟುಬಿಟ್ಟಳು. ದಿಂಬಿನ ಕವರನ್ನೂ ಬಿಡಲಿಲ್ಲ. ವಾಚು ಆಸ್ಪತ್ರೆಯಲ್ಲೇ ಎಲ್ಲೋ ಕಳೆಯಿತು. ಫೋಟೋಗಳಿವೆ, ಇಲ್ಲವೆಂದಲ್ಲ. ಆದರೆ ಫೋಟೋ ಮುಟ್ಟಿದರೆ ಕೈಗೆ ಸಿಗುವುದು ಗಾಜು. ಅವನ ಮೈ ತಾಗಿ ತಾಗಿ ಆದ ಗುರುತು ಈ ಭೂಮಿಯ ಮೇಲೆ ಎಲ್ಲೂ ಇಲ್ಲ ಎಂದುಕೊಂಡಿದ್ದಳು. ಈಗ ಅದು ಅವಳ ಅಂಗೈ ಕೆಳಗೆ ಇತ್ತು.

ಬಾಯಿಬಿಟ್ಟು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೇಳಲಿಲ್ಲ, ಯಾಕೆಂದರೆ ಅವಳಿಗೆ ಶೆಡ್ಡು ಬೇಕಾಗಿತ್ತು. ಅವಳ ಮನೆಯ ಅಕ್ಕಪಕ್ಕದಲ್ಲಿ ಎಲ್ಲರಿಗೂ ಗೊತ್ತು. ಅವಳು ಯಾವ ಅಂಗಡಿ ಹೊಕ್ಕರೂ ಮಾತು ತಗ್ಗುತ್ತಿತ್ತು, ನಗುತ್ತಿದ್ದವರು ಕೆಮ್ಮುತ್ತಿದ್ದರು, "ಅಯ್ಯೋ ಪಾಪ" ಎನ್ನುವುದು ಬಾಯಿಂದ ಬರದಿದ್ದರೆ ಕಣ್ಣಿಂದ ಬರುತ್ತಿತ್ತು. ಶೆಡ್ಡಿಗೆ ಬರುವವರು ದೊಡ್ಡ ರಸ್ತೆಯ ಆಚೆ ಬದಿಯವರು, ಅವರಿಗೇನೂ ತಿಳಿಯದು. ಅಲ್ಲಿ ಅವಳನ್ನು ಗೇಲಿ ಮಾಡುತ್ತಿದ್ದರು, ಅವಳ ಜೊತೆ ಜಗಳವಾಡುತ್ತಿದ್ದರು, ಸೂಜಿ ಕಳೆದದ್ದಕ್ಕೆ ಬಯ್ಯುತ್ತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಅವಳಿಗೆ ಗುರುತೂ ಉಳಿಯಬೇಕು, ಗೇಲಿಯೂ ಉಳಿಯಬೇಕು.

ಬಡಗಿಯ ಕಣ್ಣು ಆ ತಗ್ಗಿನ ಮೇಲೆ ಬೀಳಲು ತಡವಾಗಲಿಲ್ಲ. ಬಡಗಿ ಎಂದರೆ ದಪ್ಪ ಭುಜದ, ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡ, ಐವತ್ತು ದಾಟಿದ ಆಸಾಮಿ. ಒಂದು ಚೂರು ಮರವನ್ನೂ ಎಸೆಯದವನು. ಅವನ ಮನೆಯಲ್ಲಿ ಬಾಚಣಿಗೆಯೂ ಮರದ್ದೇ ಎಂದು ಶೆಡ್ಡಿನಲ್ಲಿ ತಮಾಷೆ ಮಾಡುತ್ತಿದ್ದರು.

"ಇದೇನು, ಇಲ್ಲಿ ಯಾರಾದ್ರೂ ಮಸಾಲೆ ಅರೀತಿದ್ರಾ?" ಎಂದ ಅವನು.

"ಚಹಾ ಕೆಟಲ್ ಇಟ್ಟಿರ್ತಾರೆ. ಬಿಸಿಗೆ ಬಣ್ಣ ಎದ್ದಿದೆ" ಎಂದರು ತಾತ.

"ಇಳಿಜಾರಿನ ಮೇಲೆ ಕೆಟಲ್ ನಿಲ್ಲತ್ತಾ ತಾತ? ನಿಮ್ಮ ತಲೆ ಮೇಲೆ ಇಟ್ರೆ ನಿಲ್ಲಬಹುದು."

ಸೀಟಕ್ಕನ ಬಾಯಿ ಸುಮ್ಮನಿರಲಿಲ್ಲ. "ಎಡಚರು ಆಡಿದ್ರೆ ಹಂಗಾಗತ್ತೆ" ಎಂದಳು. "ಕೈ ಅಡ್ಡ ಹಾಕ್ಕೊಂಡು ಆಡ್ಬೇಕಲ್ಲ. ನನ್ನ ತಮ್ಮನೂ ಎಡಚನೇ."

"ನಿಮಗೆ ತಮ್ಮ ಇದಾನಾ? ಇಷ್ಟು ದಿನ ಹೇಳೇ ಇಲ್ವಲ್ಲಕ್ಕಾ. ಎಲ್ಲಿದಾನೆ?" ಎಂದು ಬಡಗಿ ಕೇಳಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ದೂರ ಇದಾನೆ" ಎಂದಳು.

"ದೂರ ಅಂದ್ರೆ?"

"ಹಡಗಲ್ಲಿ ಕೆಲಸ."

ಹಡಗು ಎಲ್ಲಿಂದ ಬಂತೋ ದೇವರೇ ಬಲ್ಲ. ಎಡಚನಿಗೆ ಈಜು ಹಾಗಿರಲಿ, ಸ್ನಾನಕ್ಕೆ ತಲೆ ಮೇಲೆ ನೀರು ಹೊಯ್ದರೆ ಕೂಗಿ ಬೀದಿ ಸೇರಿಸುತ್ತಿದ್ದವನು. ಆದರೆ ಹಡಗಿನವನಿಗೆ ಫೋನ್ ಮಾಡು ಎಂದು ಯಾರೂ ಹೇಳುವುದಿಲ್ಲ, ಯಾವಾಗ ಬರುತ್ತಾನೆ ಎಂದು ಹಟ ಹಿಡಿದು ಕೇಳುವುದಿಲ್ಲ. ಬಾಯಿಗೆ ಬಂದ ಸುಳ್ಳು ಬಲು ಅನುಕೂಲದ್ದಾಗಿತ್ತು.

ಕೆಲಸ ಶುರುವಾಯಿತು. ತಾತ ಬೋರ್ಡು ಬಿಚ್ಚಿ ಹಳೆಯ ಬೆಸುಗೆಯನ್ನೆಲ್ಲ ಕೆರೆದು ಹೊಸದು ಹಾಕಿದರು. ಟ್ಯೂಬಿಗೆ ಮೂರ್ಛೆ ತಿಳಿದು ಮೊದಲು ಒಂದು ಹಸಿರು ಗೆರೆ, ಆಮೇಲೆ ಚುಕ್ಕಿಗಳು, ಆಮೇಲೆ ತಲೆಕೆಳಗಾದ ವಿಮಾನಗಳು ಬಂದವು. ಬಡಗಿ ಇಲಿ ಕಡಿದ ಪಕ್ಕದ ಹಲಗೆ ಬದಲಿಸಿದ. ಸೀಟಕ್ಕ ನಾಣ್ಯ ಬೀಳುವ ಬಾಯಿಯನ್ನು ಬಿಚ್ಚಿ ತುಕ್ಕು ತಿಕ್ಕಿದಳು, ಗುಂಡಿಗಳ ಕೆಳಗಿನ ತಂತಿಗಳನ್ನು ಜೋಡಿಸಿದಳು. ಇಳಿಜಾರಿನ ಹಲಗೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದನ್ನು ಬಿಚ್ಚಿ ತನ್ನ ಬೆಂಚಿನ ಮೇಲಿಟ್ಟುಕೊಂಡು, ಬಂದಾಗಲೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಹೊರಡುವಾಗ ಹಳೆಯ ಟವೆಲ್ ಹೊದಿಸಿ ಬರುತ್ತಿದ್ದಳು. ಯಾರೂ ನೋಡದಾಗ ಆ ತಗ್ಗಿನಲ್ಲಿ ತನ್ನ ಮಣಿಕಟ್ಟು ಇಟ್ಟು ನೋಡುತ್ತಿದ್ದಳು. ಅವಳ ಮಣಿಕಟ್ಟಿಗಿಂತ ಒಂದಿಷ್ಟು ಅಗಲವಿತ್ತು ಅದು. ಅಷ್ಟು ಬೆಳೆದಿದ್ದನೇ ಅವನು ಎಂದುಕೊಳ್ಳುತ್ತಿದ್ದಳು.

ಕೆಂಪು ಪಟ್ಟಿ ಕಟ್ಟಬಹುದಿತ್ತು. ಎಷ್ಟೋ ಸಲ ಮೊಳೆಯವರೆಗೆ ಹೋಗಿ ಕೈ ಚಾಚಿದ್ದಳು. ಕಟ್ಟಿದರೆ "ಯಾಕಕ್ಕಾ, ಈ ಹಳೇ ಹಲಗೆಗೇನು ಪಟ್ಟಿ" ಎಂದು ಬಡಗಿ ಕೇಳಿಯೇ ಕೇಳುತ್ತಾನೆ. ಕೇಳಿದರೆ ತನ್ನ ಮುಖ ಸುಮ್ಮನಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಟವೆಲ್ ಹೊದಿಸಿದ್ದೇನಲ್ಲ, ಸಾಕು ಎಂದುಕೊಂಡಳು.

ಅಷ್ಟರಲ್ಲಿ ಶಾಲೆಯೊಂದರ ವ್ಯಾನುಗಳ ಸೀಟೆಲ್ಲ ಒಟ್ಟಿಗೆ ಹೊಲಿಯುವ ಕೆಲಸ ಬಂತು. ಎರಡು ರಜೆ ಅವಳು ಶೆಡ್ಡಿನ ಕಡೆ ತಲೆ ಹಾಕಲಾಗಲಿಲ್ಲ. ಕೊನೆಯ ಸೀಟು ಮುಗಿದ ಮರುದಿನ ಮಧ್ಯಾಹ್ನ, ಬೆರಳುಗಳ ತುದಿ ಇನ್ನೂ ಉರಿಯುತ್ತಿರುವಾಗಲೇ ಹೋದಳು.

ಬಾಗಿಲಲ್ಲೇ ತಾತ ಅವಳ ದಾರಿ ಕಾಯುತ್ತಿದ್ದರು. "ಬಾ ಮಗಳೇ, ಕಣ್ಣು ಮುಚ್ಕೊಂಡು ಬಾ" ಎಂದರು. ಒಳಗೆ ಎಲ್ಲರೂ ಕೆಲಸ ಬಿಟ್ಟು ಅರ್ಧ ಸುತ್ತಾಗಿ ನಿಂತಿದ್ದರು. ನಡುವೆ ಗೇಮ್ ಪೆಟ್ಟಿಗೆ, ಮೈಗೆಲ್ಲ ಹೊಸ ಬಣ್ಣ ಬಳಿದುಕೊಂಡು, ಗಾಜಿನೊಳಗೆ ವಿಮಾನ ಹಾರಿಸುತ್ತ ಮದುಮಗನ ಹಾಗೆ ನಿಂತಿತ್ತು. ಅದರ ಎದೆಯ ಮೇಲೆ ಒಂದು ಹೊಚ್ಚಹೊಸ ಹಲಗೆ.

ಬಡಗಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. ಅವನ ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ. "ನೋಡಿ ಸೀಟಕ್ಕ. ಕೋಲು ಎಡಕ್ಕೆ ತಂದಿದೀನಿ, ಗುಂಡಿ ಬಲಕ್ಕೆ. ಹೊಸ ಹಲಗೆ ಕೊರೆದು, ತಂತಿನೆಲ್ಲ ತಾತ ತಿರುಗಿಸಿ ಹಾಕಿದ್ರು. ನಿಮ್ಮ ತಮ್ಮ ಇನ್ಮೇಲೆ ಕೈ ಹೊಸ್ಕೊಂಡು ಆಡೋದು ಬೇಡ. ನೆಟ್ಟಗೆ ನಿಂತು ಆಡಲಿ."

ಅವಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ತನ್ನ ಬೆಂಚಿನ ಕಡೆ ನೋಡಿದಳು. ಟವೆಲ್ ಚೆನ್ನಾಗಿ ಮಡಿಸಿ ಇಟ್ಟಿತ್ತು.

"ಹಳೇ ಹಲಗೆ ಎಲ್ಲಣ್ಣ?"

"ಅದಾ? ಹಳೇ ಕಾಲದ ಗಟ್ಟಿ ಮರ, ಬಿಡೋಕಾಗತ್ತಾ? ನೋಡಿ ಇಲ್ಲಿ." ಬಡಗಿ ಮಂಡಿಯೂರಿ ಕೂತು ಪೆಟ್ಟಿಗೆಯ ಬುಡ ತೋರಿಸಿದ. "ಎರಡೂ ಕಡೆ ಚೆನ್ನಾಗಿ ಹತ್ತರಿ ಹೊಡೆದು ಮೇಲ್ಪದರ ಹೆರೆದು, ಸೀಳಿ, ಕಾಲಿಗೆ ಆಸರೆ ತುಂಡು ಕೊಟ್ಟಿದೀನಿ. ಇನ್ನು ಇಪ್ಪತ್ತು ವರ್ಷ ಅಲ್ಲಾಡಲ್ಲ. ಒಂದು ಚೂರು ದಂಡ ಆಗಿಲ್ಲ."

ಸೀಟಕ್ಕನೂ ಮಂಡಿಯೂರಿದಳು. ಅಡಿಯಲ್ಲಿ ಬೆಳ್ಳನೆಯ, ಆಗ ತಾನೇ ಹೆರೆದ ಮರದ ನಾಲ್ಕು ತುಂಡುಗಳು. ಒಂದೊಂದನ್ನೂ ಮುಟ್ಟಿದಳು. ಅಂಚು ಸವರಿದಳು. ತಗ್ಗಿಲ್ಲ, ಗೀರಿಲ್ಲ, ಬೆವರಿನ ಜಿಡ್ಡಿಲ್ಲ. ಹೊಸ ಮರದ ವಾಸನೆ ಮಾತ್ರ ಬರುತ್ತಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಚಿಕ್ಕಮ್ಮ ಬಟ್ಟೆ ಒಗೆದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

"ನೋಡ್ರಪ್ಪ, ತಮ್ಮನ ಮೇಲೆ ಎಷ್ಟು ಜೀವ" ಎಂದರು ಯಾರೋ ಹಿಂದಿನಿಂದ. ಬಡಗಿಯ ಕಣ್ಣೂ ಒದ್ದೆಯಾಗಿತ್ತು. ಅವನ ಮುಖ ನೋಡಿ ಅವಳಿಗೆ ಒಂದು ಬೈಗುಳವೂ ನೆನಪಿಗೆ ಬರಲಿಲ್ಲ.

"ಬೆಣ್ಣೆಯಂಥ ಕೆಲಸ ಅಣ್ಣ" ಎಂದಳು.

"ಮೊದಲನೇ ಆಟ ಅವನದೇ" ಎಂದು ಬಡಗಿ ಶೆಡ್ಡಿಗೆಲ್ಲ ಕೇಳುವ ಹಾಗೆ ಸಾರಿದ. "ಅವನು ಬರೋ ತನಕ ಯಾರೂ ನಾಣ್ಯ ಹಾಕೋ ಹಾಗಿಲ್ಲ. ಯಾರಾದ್ರೂ ಮುಟ್ಟಿದ್ರೆ ಅವರ ಕೈಗೂ ಹತ್ತರಿ ಹೊಡೀತೀನಿ."

ಅಂದಿನಿಂದ ಪೆಟ್ಟಿಗೆ ಹಡಗಿನ ದಾರಿ ಕಾಯತೊಡಗಿತು. ಸೀಟಕ್ಕ ಮತ್ತೆ ಶೆಡ್ಡಿಗೆ ಹೋಗಬಾರದೆಂದು ಆಣೆ ಮಾಡಿಕೊಂಡಳು, ಮುಂದಿನ ರಜೆಗೇ ಹೋದಳು. ಹೋದ ಕೂಡಲೇ ಎಲ್ಲರೂ ಕೇಳುವುದು ಒಂದೇ.

"ಏನಂತೆ ತಮ್ಮ?"

ಮೊದಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದಳು. ಬರ್ತಾನೆ, ರಜೆ ಸಿಗಬೇಕು, ನೋಡೋಣ. ಆಮೇಲೆ ಏನಾಯಿತೆಂದರೆ, ಅವಳಿಗೆ ಹೇಳಲು ರುಚಿ ಹತ್ತಿತು. ಬಂದರಿನಿಂದ ಅವನೇ ಫೋನ್ ಮಾಡಿದ್ದ, ಹಡಗಿನ ಊಟ ಒಗ್ಗಿಲ್ಲವಂತೆ ಎಂದಳು. ಒಂದು ವಾರ ಅವನಿಗೆ ನೆಗಡಿ ಬಂತು, ಮುಂದಿನ ವಾರ ವಾಸಿಯಾಯಿತು. ಅವನಿಗೆ ಮೀಸೆ ದಪ್ಪವಾಗಿ ಬಂದಿದೆ, ಇಂಜಿನ್ ಕೋಣೆಯಲ್ಲಿ ಮೇಸ್ತ್ರಿ ಮಾಡಿದ್ದಾರೆ, ಅಡುಗೆಯವನ ಜೊತೆ ಜಗಳವಾಡಿದ್ದಾನೆ. ಜನ ಕೇಳಿ ನಗುತ್ತಿದ್ದರು. "ಪಾಪ, ಮೇಸ್ತ್ರಿ ಆದ್ಮೇಲೂ ಅಕ್ಕನ ಕೈ ಅಡುಗೇನೇ ಬೇಕಂತೆ" ಎಂದು ತಾತ ಛೇಡಿಸುತ್ತಿದ್ದರು. ಮೂರು ವರ್ಷ ಅವನ ಬಗ್ಗೆ ಯಾರೂ ನಗುತ್ತ ಮಾತಾಡಿರಲಿಲ್ಲ. ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುವಾಗ ಅವಳು ಮುಂದಿನ ವಾರದ ಸುದ್ದಿ ಹೆಣೆಯುತ್ತಿದ್ದಳು. ಹಲಗೆ ಹೋದರೆ ಹೋಗಲಿ, ಇಲ್ಲಿ ಅವನು ಉಸಿರಾಡುತ್ತಿದ್ದಾನೆ, ದಪ್ಪಗಾಗುತ್ತಿದ್ದಾನೆ, ಬೆಳೆಯುತ್ತಿದ್ದಾನೆ ಎಂದು ಅವಳಿಗೆ ಅನಿಸಿತು. ಹುಚ್ಚಿಗೂ ಸಮಾಧಾನಕ್ಕೂ ನಡುವೆ ಎಷ್ಟು ತೆಳುವಾದ ಗೋಡೆ ನೋಡಿ.

ಬಡಗಿಗೆ ಒಬ್ಬಳು ತಂಗಿ, ತಂಗಿಗೆ ಒಬ್ಬಳು ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ರಜೆಯ ದಿನ ಅವನು ಸೀಟಕ್ಕನನ್ನು ಮೂಲೆಗೆ ಕರೆದು, ಪೆನ್ಸಿಲನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿ, ಗಂಟಲು ಸರಿಮಾಡಿಕೊಂಡ.

"ತಪ್ಪು ತಿಳ್ಕೋಬೇಡಿ ಅಕ್ಕ. ನಿಮ್ಮ ತಮ್ಮನಿಗೆ ಹೆಣ್ಣು ನೋಡ್ತಿದೀರಾ?"

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಚಳಿ ಬಂತು. "ಇನ್ನೂ ಇಲ್ಲ" ಎಂದಳು.

"ನಮ್ಮ ಹುಡುಗಿ ಬಾಯಿ ಸ್ವಲ್ಪ ಜೋರು, ಮನಸ್ಸು ಚಿನ್ನ. ಅವಳಿಗೆ ನಿಮ್ಮ ತಮ್ಮನ ಕಥೆಯೆಲ್ಲ ಹೇಳಿದೀನಿ. ಅಡುಗೆಯವನ ಜೊತೆ ಜಗಳ ಆಡಿದ್ದು ಕೇಳಿ ಬಿದ್ದು ಬಿದ್ದು ನಕ್ಳು. ಬಲವಂತ ಏನಿಲ್ಲ. ಇವತ್ತು ಸುಮ್ನೆ ಬಂದಿದಾಳೆ, ಪೆಟ್ಟಿಗೆ ನೋಡೋಕೆ."

ಹುಡುಗಿ ಆಗಲೇ ಪೆಟ್ಟಿಗೆಯ ಮುಂದೆ ನಿಂತಿದ್ದಳು. ತೆಳ್ಳಗಿನ ಹುಡುಗಿ, ಕೆಲಸದ ಕೋಟು ಇನ್ನೂ ಬಿಚ್ಚಿರಲಿಲ್ಲ. ಸೀಟಕ್ಕ ಹತ್ತಿರ ಬಂದಾಗ ಸರಿದು ನಿಂತು, ನಾಚಿಕೆಯನ್ನು ಮಾತಿನಲ್ಲಿ ಮುಚ್ಚಿಕೊಂಡಳು.

"ಅವರು ಬರೆಯೋದೂ ಎಡಗೈಲೇನಾ ಅಕ್ಕ? ನಮ್ಮ ಅಂಗಡಿಗೆ ಒಬ್ಬರು ಬರ್ತಾರೆ, ಬರೀತಾ ಬರೀತಾ ಕೈಗೆಲ್ಲ ಇಂಕ್ ಮೆತ್ಕೋತಾರೆ."

"ಹೂಂ" ಎಂದಳು ಸೀಟಕ್ಕ. "ಅಂಗಿ ತೋಳಿಗೂ ಮೆತ್ಕೋತಿದ್ದ. ಎಷ್ಟು ಉಜ್ಜಿದ್ರೂ ಹೋಗ್ತಿರ್ಲಿಲ್ಲ."

ಹುಡುಗಿ ನಕ್ಕು, ಹೊಸ ಹಲಗೆಯ ಮೇಲೆ ಬೆರಳಾಡಿಸಿದಳು. ಹೆದರಿ ಹೆದರಿ, ಯಾರದೋ ವಸ್ತು ಮುಟ್ಟುವ ಹಾಗೆ ಮುಟ್ಟಿದಳು. ಆ ಬೆರಳುಗಳನ್ನು ನೋಡುತ್ತ ಸೀಟಕ್ಕನ ಕಣ್ಣ ಮುಂದೆ ಎಲ್ಲವೂ ಬಂದು ಹೋಯಿತು. ಇವಳು ತನ್ನ ಮನೆಯ ಹೊಸ್ತಿಲು ದಾಟುವುದು, ಎಡಚ ಇವಳ ಹತ್ತಿರ ಬೈಸಿಕೊಳ್ಳುವುದು, ಇವರಿಬ್ಬರ ಕೂಸನ್ನು ತಾನು ಕಂಕುಳಲ್ಲಿ ಎತ್ತಿಕೊಳ್ಳುವುದು. ಅಷ್ಟು ಸ್ಪಷ್ಟವಾಗಿ ಕಂಡಿತು. ಆಮೇಲೆ ಹುಡುಗಿಯ ಕಣ್ಣಿನಲ್ಲಿ ಆಸೆಯೂ ಕಂಡಿತು. ತಾನು ಹೆಣೆದ ಸುಳ್ಳಿನಲ್ಲಿ ತಾನೊಬ್ಬಳೇ ವಾಸ ಮಾಡಿದರೆ ಅದು ತನ್ನ ಪಾಡು, ಇನ್ನೊಬ್ಬರ ಮಗಳನ್ನು ಕರೆದು ಒಳಗೆ ಕೂರಿಸುವುದು ಪಾಪ.

"ಅಣ್ಣ" ಎಂದಳು, ಬಡಗಿಯ ಕಡೆ ತಿರುಗಿ. "ಅವನಿಲ್ಲ."

"ಗೊತ್ತು ಬಿಡಿ ಅಕ್ಕ, ಬರೋದು ತಡ ಆಗತ್ತೆ. ನಾವೇನೂ ಅವಸರ..."

"ತಡ ಅಲ್ಲ. ಅವನಿಲ್ಲ. ಹಡಗೂ ಇಲ್ಲ, ಮೇಸ್ತ್ರಿ ಕೆಲಸಾನೂ ಇಲ್ಲ. ಜ್ವರ ಬಂದು ಹೋಗ್ಬಿಟ್ಟ. ಮೂರು ವರ್ಷ ಆಯ್ತು. ನಾನು ಸುಳ್ಳು ಹೇಳ್ದೆ."

ತಾತನ ಬೆಸುಗೆ ಕಡ್ಡಿ ಬೆಂಚಿನ ಮೇಲೆ ಹೊಗೆಯಾಡುತ್ತಿತ್ತು. ಹುಡುಗಿ ಹಲಗೆಯ ಮೇಲಿನ ಕೈ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು. ಯಾರೂ "ಅಯ್ಯೋ ಪಾಪ" ಎನ್ನಲಿಲ್ಲ, ಅಷ್ಟು ಪುಣ್ಯ.

ಬಡಗಿ ಅವಳ ಬೆಂಚಿನ ಕಡೆ ನೋಡಿದ. ದಡ್ಡನಲ್ಲ ಅವನು. ಬಂದಾಗಲೆಲ್ಲ ಒರೆಸಿ ಟವೆಲ್ ಹೊದಿಸುತ್ತಿದ್ದ ಹಲಗೆ, ಕೈ ಅಡ್ಡ ಹಾಕಿ ಆಡುವ ತಮ್ಮ, ನೆಲದ ಮೇಲೆ ಕೂತು ಅತ್ತ ಅಳು, ಒಂದೊಂದೂ ಅವನ ತಲೆಯಲ್ಲಿ ಹೋಗಿ ತನ್ನ ತನ್ನ ಜಾಗದಲ್ಲಿ ಕೂತಿತು.

"ಆ ತಗ್ಗು ಅವನದಾ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು.

"ನಾನು ಅವನನ್ನ ಹೆರೆದು ಹಾಕ್ಬಿಟ್ನಲ್ಲಕ್ಕಾ" ಎಂದ ಬಡಗಿ. ಆ ದೊಡ್ಡ ಭುಜಗಳು ಕುಸಿದವು. ಮರದ ಹೊಟ್ಟು ಗುಡ್ಡೆ ಹಾಕುವ ಮೂಲೆಗೆ ಹೋಗಿ ನಿಂತ. ಅಂದಿನ ಹೊಟ್ಟನ್ನು ಎಂದೋ ಗುಡಿಸಿಯಾಗಿತ್ತು, ಗ್ಯಾರೇಜಿನವರು ಅದನ್ನು ಎಣ್ಣೆ ಚೆಲ್ಲಿದ ನೆಲಕ್ಕೆ ಹಾಕಲು ಒಯ್ದಿದ್ದರು. ಆದರೂ ನೆಲ ನೋಡುತ್ತ ನಿಂತಿದ್ದ.

"ನಿಮಗೇನು ಗೊತ್ತಿತ್ತು ಅಣ್ಣ. ಪಟ್ಟಿ ಕಟ್ಟದವಳು ನಾನು" ಎಂದಳು ಸೀಟಕ್ಕ. ಅವನನ್ನು ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೇ ಬಂತು.

ಕೊನೆಗೆ ತಾತ ಎದ್ದರು. ಹಿಂದಿನ ಬಾಗಿಲಲ್ಲಿ ಕೈಹಾಕಿ ಏನೋ ಮಾಡಿದರು, ಪೆಟ್ಟಿಗೆ ಬೆಳಗಿತು. ಜೇಬು ತಡಕಾಡಿ ಒಂದು ನಾಣ್ಯ ತೆಗೆದು ಅವಳ ಅಂಗೈಯಲ್ಲಿಟ್ಟರು.

"ಮೊದಲನೇ ಆಟ ಅವನದು ಅಂದಿದ್ವಿ. ಅವನ ಲೆಕ್ಕದಲ್ಲಿ ನೀನಾಡು ಮಗಳೇ. ಮಷೀನು ಹಿಂಗೆ ಕಾಯ್ತಾ ನಿಂತ್ರೆ ಯಾರಿಗೂ ಒಳ್ಳೇದಲ್ಲ."

ಅವಳು ನಾಣ್ಯ ಹಾಕಿದಳು. ಅಷ್ಟು ವರ್ಷ ಅವನನ್ನು ಈ ಪೆಟ್ಟಿಗೆಯಿಂದ ಎಳೆದು ತಂದಿದ್ದಳೇ ಹೊರತು ಒಂದು ದಿನವೂ ಅದರ ಮುಂದೆ ನಿಂತ ಹೆಣ್ಣಲ್ಲ. ಕೋಲು ಎಡಗೈಯಲ್ಲಿ ಹಿಡಿದಳು, ಅದು ಹೇಳಿದ ಮಾತು ಕೇಳಲಿಲ್ಲ. ವಿಮಾನಗಳು ಇಳಿದು ಬರುತ್ತಿದ್ದವು. ಅವಸರದಲ್ಲಿ ಬಲಗೈ ತಾನಾಗಿಯೇ ದಾಟಿ ಹೋಗಿ ಎಡಗಡೆಯ ಕೋಲು ಹಿಡಿಯಿತು. ಎಡಗೈ ಅದರ ಕೆಳಗೆ ಹಲಗೆಗೆ ಒರಗಿ ಗುಂಡಿಗಳನ್ನು ಹುಡುಕಿತು. ಎರಡೂ ಕೈ ಅಡ್ಡಡ್ಡ ಬಿದ್ದವು.

ಹೀಗೆ ನಿಲ್ಲುತ್ತಿದ್ದನೇ ಅವನು? ಕೆಳಗಿನ ಮಣಿಕಟ್ಟು ನೋಯುತ್ತಿತ್ತು, ಭುಜ ಸೆಳೆಯುತ್ತಿತ್ತು. ಗಂಟೆಗಟ್ಟಲೆ ಇಷ್ಟು ನೋವು ತಿಂದುಕೊಂಡು ನಗುತ್ತಿದ್ದನೇ? ಅವಳು ಆಡುವುದನ್ನು ಮರೆತು ಆ ಕೈಯನ್ನು ಹಲಗೆಗೆ ಒತ್ತಿದಳು, ಇನ್ನೂ ಒತ್ತಿದಳು, ಮರದೊಳಗೆ ಎಲ್ಲಾದರೂ ಅವನು ಸಿಗುತ್ತಾನೋ ಎನ್ನುವ ಹಾಗೆ. ಹೊಸ ಬಣ್ಣ ಜಾರುತ್ತಿತ್ತು. ಆಟ ಯಾವಾಗಲೋ ಮುಗಿದಿತ್ತು.

ಕೈ ಎತ್ತಿ ನೋಡಿದಳು. ಕೆಂಪು ಬಣ್ಣದ ಮೇಲೆ ಬೆವರಿನ ಮಬ್ಬು ಗುರುತೊಂದು ಉಳಿದಿತ್ತು, ಅವಳದೇ. ನೋಡುತ್ತಿದ್ದ ಹಾಗೆಯೇ ಅದು ಅಂಚಿನಿಂದ ಆರುತ್ತ ಬಂದು ಕಾಣದಾಯಿತು.

ಬಡಗಿ ಪಕ್ಕದಲ್ಲಿ ಬಂದು ನಿಂತಿದ್ದ. ಅವಳು ಅವನ ಕಡೆ ತಿರುಗಲಿಲ್ಲ.

"ಬರಲ್ಲ ಅಲ್ವಾ ಅಣ್ಣ ಅವನು" ಎಂದಳು.

"ಇಲ್ಲಮ್ಮ" ಎಂದ ಬಡಗಿ.